ಹಿಂದಿನ ಬ್ರೇಕು ಕೈಯಲ್ಲಿದ್ದರೆ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹಳ್ಳಿಗಳಲ್ಲಿ ಹುಡುಗನೊಬ್ಬ ಬೈಕು ಕಲಿಯಲು ಹೊರಟರೆ, ಕಲಿಸುವ ಅಣ್ಣನೋ ಮಾವನೋ ಹೇಳುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ: ‘ಮುಂದಿನ್ ಬ್ರೇಕ್ ಮುಟ್ಬೇಡ, ಪಲ್ಟಿ ಹೊಡಿತೀಯ. ಕಾಲ್ ಬ್ರೇಕ್ ಒತ್ತು.’ ಈ ಮಾತಿನ ಬೆನ್ನಿಗೇ ಇನ್ನೆರಡು ನಂಬಿಕೆಗಳು ಬೆಳೆದುಕೊಂಡಿವೆ. ಹಿಂದಿನ ಬ್ರೇಕು ಕಾಲಿನಲ್ಲೇ ಇರಬೇಕು, ಏಕೆಂದರೆ ಕಾಲಿಗಿರುವ ಬಲ ಕೈಗೆ ಬರುವುದಿಲ್ಲ ಎನ್ನುವುದು ಒಂದು. ಎರಡೂ ಬ್ರೇಕು ಕೈಯಲ್ಲಿರುವುದು ಸ್ಕೂಟಿಗೆ ಸರಿ, ಗೇರಿನ ಬೈಕಿಗೆ ಅದು ಹೊಂದುವುದಿಲ್ಲ ಎನ್ನುವುದು ಇನ್ನೊಂದು. ಇವುಗಳ ಫಲವಾಗಿ, ಬಲಗಾಲು ಸೋತ ವ್ಯಕ್ತಿ ಬೈಕಿನ ಆಸೆಯನ್ನೇ ಬಿಡಬೇಕು ಎಂಬ ತೀರ್ಮಾನ ಯಾರೂ ಕೇಳದೆಯೇ ಹೊರಬಿದ್ದುಬಿಡುತ್ತದೆ. ಗ್ಯಾರೇಜಿನ ಮುಂದೆ ಕೂತವರು ಅದನ್ನು ಅನುಕಂಪದಿಂದಲೇ ಹೇಳುತ್ತಾರೆ. ಅದು ಸರಿಯಾದ ತೀರ್ಮಾನವಲ್ಲ, ಅದಕ್ಕೆ ತಳಹದಿಯಾದ ಎರಡು ನಂಬಿಕೆಗಳೂ ಸರಿಯಲ್ಲ ಎಂಬುದು ನನ್ನ ವಾದ. ಆದರೆ ಇವು ಬರಿಯ ಅಜ್ಞಾನದಿಂದ ಹುಟ್ಟಿದವಲ್ಲ. ಆದ್ದರಿಂದ ಮೊದಲು ಆ ಪಕ್ಷದ ಮಾತನ್ನು ಅದರ ಪೂರ್ತಿ ಬಲದೊಡನೆ ಕೇಳೋಣ.

ಮುಂದಿನ ಬ್ರೇಕಿನ ಭಯಕ್ಕೆ ಈ ಸೀಮೆಯಲ್ಲಿ ಒಳ್ಳೆಯ ಆಧಾರವಿದೆ. ಸುಗ್ಗಿ ಮುಗಿದ ಮೇಲೆ ಇಲ್ಲಿನ ಎಷ್ಟೋ ಹಳ್ಳಿ ರಸ್ತೆಗಳು ಅರ್ಧ ಕಣವಾಗಿಬಿಡುತ್ತವೆ. ರಾಗಿ, ಹುರುಳಿಯನ್ನು ಡಾಂಬರಿನ ಮೇಲೆ ಹರಡಿ ಹೋಗಿಬರುವ ಗಾಡಿಗಳಿಂದಲೇ ಒಕ್ಕಿಸುತ್ತಾರೆ. ಮೆಕ್ಕೆಜೋಳವನ್ನು ರಸ್ತೆಯ ಒಂದು ಮಗ್ಗುಲಿಗೆ ಉದ್ದಕ್ಕೂ ಹಾಸಿ, ಅಂಚಿಗೆ ಕಲ್ಲನ್ನೋ ಮುಳ್ಳಿನ ಕೊಂಬೆಯನ್ನೋ ಇಟ್ಟು ಒಣಗಿಸುತ್ತಾರೆ. ರಾಶಿ ಎತ್ತಿಕೊಂಡು ಹೋದ ಮೇಲೂ ಕಾಳು ಅಲ್ಲಲ್ಲಿ ಉಳಿದಿರುತ್ತದೆ. ಒಣಗಿದ ಮೆಕ್ಕೆಜೋಳದ ಕಾಳು ಟೈರಿನಡಿ ಉರುಳುವಂಥದ್ದು. ಅದರ ಮೇಲೆ ಮುಂದಿನ ಚಕ್ರ ಕಚ್ಚಿಕೊಂಡು ನಿಂತರೆ ಹ್ಯಾಂಡಲ್ ಒಂದು ಕಡೆ ಮಡಚಿ, ಸವಾರ ಕಣ್ಣು ಮಿಟುಕಿಸುವಷ್ಟರಲ್ಲಿ ನೆಲದ ಮೇಲಿರುತ್ತಾನೆ. ಭದ್ರಾ ನಾಲೆಯ ಏರಿಯ ಮೇಲಿನ ಮಣ್ಣುದಾರಿ ಮಳೆಯಲ್ಲಿ ಹೀಗೆಯೇ, ಜಗಳೂರು ಕಡೆಯ ಜಲ್ಲಿ ಎದ್ದ ರಸ್ತೆ ಬಿಸಿಲಿನಲ್ಲೂ ಹೀಗೆಯೇ. ಹಿಂದಿನ ಚಕ್ರ ಕಚ್ಚಿಕೊಂಡರೆ ಗಾಡಿಯ ಬಾಲ ಅತ್ತಿತ್ತ ಹೊರಳುತ್ತದೆ, ಆದರೆ ಸಾಮಾನ್ಯವಾಗಿ ಸಾವರಿಸಿಕೊಳ್ಳಲು ಒಂದು ಕ್ಷಣ ಸಿಗುತ್ತದೆ. ಮುಂದಿನ ಚಕ್ರ ಆ ಅವಕಾಶ ಕೊಡುವುದಿಲ್ಲ. ಇದಕ್ಕೆ ಇನ್ನೊಂದನ್ನೂ ಸೇರಿಸಬೇಕು. ಇಲ್ಲಿನ ಬೈಕು ಒಂಟಿ ಸವಾರನದ್ದಲ್ಲ. ಹಿಂದೆ ಹೆಂಡತಿ, ಗೊಬ್ಬರದ ಚೀಲ, ಹಾಲಿನ ಕ್ಯಾನು ಹೀಗೆ ಏನಾದರೊಂದು ಇದ್ದೇ ಇರುತ್ತದೆ. ಭಾರ ಹಿಂದಿರುವಾಗ ಹಿಂದಿನ ಚಕ್ರವನ್ನೇ ಹಿಡಿಯುವುದು ಸರಿ ಎನ್ನುವುದರಲ್ಲಿ ತರ್ಕವಿದೆ. ಹಾಗಾಗಿ ‘ಮುಂದಿನದು ಮುಟ್ಬೇಡ’ ಎನ್ನುವ ಅಣ್ಣ ಮೂರ್ಖನಲ್ಲ. ತಾನು ಬಿದ್ದದ್ದನ್ನು, ಬಿದ್ದವರನ್ನು ಎತ್ತಿ ಕೂರಿಸಿದ್ದನ್ನು ನೆನೆದು ಆ ಮಾತು ಹೇಳುತ್ತಾನೆ.

ಗೊಂದಲ ಹುಟ್ಟುವುದು ಇದರ ಮುಂದಿನ ಹೆಜ್ಜೆಯಲ್ಲಿ. ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಯಾವ ಚಕ್ರವನ್ನು, ಎಷ್ಟು ಹಿಡಿಯಬೇಕು ಎನ್ನುವುದು ಮೊದಲನೆಯದು. ಆ ಚಕ್ರವನ್ನು ಹಿಡಿಯುವ ಕೆಲಸವನ್ನು ದೇಹದ ಯಾವ ಅಂಗಕ್ಕೆ ಒಪ್ಪಿಸಬೇಕು ಎನ್ನುವುದು ಎರಡನೆಯದು. ಬೈಕಿನಲ್ಲಿ ಮುಂದಿನದು ಕೈಗೆ, ಹಿಂದಿನದು ಕಾಲಿಗೆ ಬಂದಿರುವುದರಿಂದ ಎರಡು ಪ್ರಶ್ನೆಗಳೂ ಒಂದೇ ಎಂಬಂತೆ ಕಾಣುತ್ತವೆ. ಕೈಯಿಂದ ಹಿಡಿದು ಬಿದ್ದವನು ತಪ್ಪನ್ನು ಕೈಗೆ ಹೊರಿಸುತ್ತಾನೆ. ಕಾಲಿನಿಂದ ಒತ್ತಿ ಉಳಿದವನು ಪುಣ್ಯವನ್ನು ಕಾಲಿಗೆ ಕೊಡುತ್ತಾನೆ. ರಸ್ತೆಗೆ ಮಾತ್ರ ಸವಾರನ ಕೈಕಾಲುಗಳ ಲೆಕ್ಕವಿಲ್ಲ. ಟೈರು ನೆಲವನ್ನು ಮುಟ್ಟುವ ಅಂಗೈಯಗಲದ ಜಾಗದಲ್ಲಿ ಎಷ್ಟು ಭಾರ ಬಿದ್ದಿದೆ, ಎಷ್ಟು ಹಿಡಿತ ಸಿಕ್ಕಿದೆ ಎನ್ನುವುದಷ್ಟೇ ಅಲ್ಲಿ ನಡೆಯುವ ವ್ಯವಹಾರ. ಹಾಗಾಗಿ ಚಕ್ರದ ಪ್ರಶ್ನೆಯನ್ನು ಮೊದಲು ಬಿಡಿಸಿಕೊಂಡು, ಅಂಗದ ಪ್ರಶ್ನೆಗೆ ಆಮೇಲೆ ಬರುವುದು ಸರಿಯಾದ ಕ್ರಮ.

ಒಂದು ಸಾಧಾರಣ ನೂರು ಸಿಸಿ ಬೈಕನ್ನು ತೆಗೆದುಕೊಳ್ಳೋಣ. ಗಾಡಿಯ ತೂಕ 110 ಕಿಲೋ, ಸವಾರ 70 ಕಿಲೋ. ಎರಡು ಚಕ್ರಗಳ ನಡುವಿನ ಅಂತರ 1.25 ಮೀಟರ್, ಒಟ್ಟು ಭಾರದ ಕೇಂದ್ರ ನೆಲದಿಂದ ಸುಮಾರು 65 ಸೆಂಟಿಮೀಟರ್ ಎತ್ತರ. ನಿಂತಾಗ ಭಾರದ ನೂರಕ್ಕೆ 55 ಪಾಲು, ಅಂದರೆ 99 ಕಿಲೋ, ಹಿಂದಿನ ಚಕ್ರದ ಮೇಲಿರುತ್ತದೆ ಎಂದುಕೊಳ್ಳೋಣ. ಬ್ರೇಕು ಹಿಡಿದ ಕೂಡಲೇ ಗಾಡಿ ಮೂಗು ತಗ್ಗಿಸುವುದನ್ನು ಎಲ್ಲರೂ ಕಂಡಿದ್ದೇವೆ; ಆಗ ಭಾರ ಹಿಂದಿನಿಂದ ಮುಂದಕ್ಕೆ ಹರಿಯುತ್ತದೆ. ಹಿಡಿದಷ್ಟೂ ಹರಿಯುತ್ತದೆ. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರಿನ ಹಿಡಿತ ಅದರ ಮೇಲಿನ ಭಾರದ ಹತ್ತರಲ್ಲಿ ಎಂಟು ಪಾಲು ಎಂದಿಟ್ಟುಕೊಂಡರೆ, ಗಂಟೆಗೆ 50 ಕಿಲೋಮೀಟರ್ ವೇಗದಿಂದ ಹಿಂದಿನ ಬ್ರೇಕೊಂದರಲ್ಲೇ ನಿಲ್ಲಲು ಸುಮಾರು 32 ಮೀಟರ್ ಬೇಕು. ಮುಂದಿನದೊಂದರಲ್ಲೇ ಆದರೆ ಸುಮಾರು 16 ಮೀಟರ್. ಎರಡನ್ನೂ ಪೂರ್ತಿ ಬಳಸಬಲ್ಲವನಿಗೆ ಸುಮಾರು 12. ಇವು ಬ್ರೇಕು ಹಿಡಿದ ಮೇಲಿನ ದೂರಗಳು. ಎದುರಿಗೆ ಎಮ್ಮೆ ಬಂದದ್ದನ್ನು ಕಂಡು ಕೈಕಾಲು ಆಡುವಷ್ಟರಲ್ಲಿ ಒಂದು ಸೆಕೆಂಡು ಹೋದರೆ ಇನ್ನೂ 14 ಮೀಟರ್ ಮೊದಲೇ ಕಳೆದಿರುತ್ತದೆ. ಲೆಕ್ಕ ಆದರ್ಶ ಸ್ಥಿತಿಯದ್ದು, ರಸ್ತೆಯಲ್ಲಿ ಅಂಕಿ ಹಿಂದುಮುಂದಾಗುತ್ತದೆ. ಒಣ ಡಾಂಬರಿನ ಮೇಲೆ ಪ್ರಮಾಣ ಮಾತ್ರ ಹೆಚ್ಚು ಬದಲಾಗುವುದಿಲ್ಲ: ಕಾಲನ್ನಷ್ಟೇ ನಂಬಿದ ಒಂಟಿ ಸವಾರ ಮುಂದಿನ ಬ್ರೇಕು ಬಲ್ಲವನಿಗಿಂತ ಸುಮಾರು ಎರಡು ಪಟ್ಟು ದೂರ ಹೋಗಿ ನಿಲ್ಲುತ್ತಾನೆ. ಹೊನ್ನಾಳಿಯ ಪೇಟೆಯೊಳಗೆ ಆ ಹದಿನಾರು ಮೀಟರಿನ ವ್ಯತ್ಯಾಸದಲ್ಲಿ ಏನೇನು ಇರಬಹುದು ಎಂದು ಯಾರಾದರೂ ಊಹಿಸಬಲ್ಲರು.

ಹಿಂದೆ ಭಾರವಿದ್ದರೆ? ಅದೇ ಗಾಡಿಗೆ ಹಿಂದೆ 70 ಕಿಲೋ ಸೇರಿಸಿ ಲೆಕ್ಕ ಹಾಕಿದರೆ, ಹಿಂದಿನ ಬ್ರೇಕಿನ ದೂರ 32ರಿಂದ 29ಕ್ಕೆ ಇಳಿಯುತ್ತದೆ, ಮುಂದಿನದರದ್ದು 16ರಿಂದ 18ಕ್ಕೆ ಏರುತ್ತದೆ. ಅಂದರೆ ಭಾರದ ವಾದ ದಿಕ್ಕಿನಲ್ಲಿ ಸರಿ, ಅಳತೆಯಲ್ಲಿ ಸಾಲದು. ಗೊಬ್ಬರದ ಚೀಲ ಹೇರಿಕೊಂಡವನಿಗೂ ಮುಂದಿನ ಬ್ರೇಕೇ ಹೆಚ್ಚು ಕೆಲಸ ಮಾಡಿಕೊಡುತ್ತದೆ.

ಕಾಳು ಚೆಲ್ಲಿದ ರಸ್ತೆಯಲ್ಲಿ ಲೆಕ್ಕ ಬೇರೆಯೇ ಆಗುತ್ತದೆ, ಹಳೆಯ ಮಾತು ನಿಜವಾಗುವುದೂ ಇಲ್ಲಿಯೇ. ಹಿಡಿತ ಹತ್ತರಲ್ಲಿ ಮೂರು ಪಾಲಿಗೆ ಇಳಿಯಿತು, ವೇಗ 30 ಕಿಲೋಮೀಟರ್ ಎನ್ನೋಣ. ಹಿಂದಿನದೊಂದೇ ಆದರೆ 25 ಮೀಟರ್, ಮುಂದಿನದೊಂದೇ ಆದರೆ 22. ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಮೂರು ಮೀಟರ್ ಉಳಿಸಲು ಮುಂದಿನ ಚಕ್ರ ಜಾರುವ ಅಪಾಯ ತೆಗೆದುಕೊಳ್ಳುವುದು ಬುದ್ಧಿವಂತಿಕೆಯಲ್ಲ. ಅಲ್ಲಿ ಮುಂಚಿತವಾಗಿ ವೇಗ ಇಳಿಸಿ, ಹಿಂದಿನ ಬ್ರೇಕನ್ನು ಮುಖ್ಯವಾಗಿಟ್ಟುಕೊಂಡು, ಮುಂದಿನದನ್ನು ತೀರಾ ಹಗುರವಾಗಿ ಬಳಸಬೇಕು. ಆದ್ದರಿಂದ ಹಳೆಯ ಉಪದೇಶ ಒಂದು ಬಗೆಯ ನೆಲಕ್ಕೆ ಸರಿಯಾದದ್ದು. ಅದನ್ನು ಎಲ್ಲ ನೆಲಕ್ಕೂ ಹಿಗ್ಗಿಸಿದ್ದು ತಪ್ಪಾಯಿತು. ಸುಗ್ಗಿಯ ಕೆಲವು ವಾರಗಳ ನಿಯಮವನ್ನು ವರ್ಷವಿಡೀ, ಚನ್ನಗಿರಿಯಿಂದ ದಾವಣಗೆರೆವರೆಗಿನ ಒಣ ಡಾಂಬರಿಗೂ ಹೊತ್ತುಕೊಂಡು ಹೋಗುತ್ತಿದ್ದೇವೆ.

ಚಕ್ರದ ಪ್ರಶ್ನೆಗೆ ಇಷ್ಟು ಉತ್ತರ ಸಾಕು. ಈಗ ಅಂಗದ ಪ್ರಶ್ನೆ. ಇದೇ ಜಾರುವ ನೆಲದಲ್ಲಿ ಸವಾರನನ್ನು ಸ್ವಲ್ಪ ಹತ್ತಿರದಿಂದ ನೋಡಿ. ನಾಲೆ ಏರಿಯ ಮೇಲಿನ ಕೆಸರಿನಲ್ಲೋ ಮೆಕ್ಕೆಜೋಳದ ಹಾಸಿನ ಮೇಲೋ ಗಾಡಿ ಓಲಾಡತೊಡಗಿದರೆ ಅವನು ಮಾಡುವ ಮೊದಲ ಕೆಲಸ ಎರಡೂ ಕಾಲನ್ನು ಕೆಳಗಿಳಿಸುವುದು. ಚಪ್ಪಲಿಯ ಅಂಚು ನೆಲಕ್ಕೆ ತಾಗುವ ಹಾಗೆ ಕಾಲುಗಳನ್ನು ಅಗಲಿಸಿಕೊಂಡು, ದೋಣಿಯ ಹುಟ್ಟಿನಂತೆ ಆಚೀಚೆ ಆನಿಸುತ್ತಾ ಸಾಗುತ್ತಾನೆ. ಬಲಗಾಲು ಪೆಡಲಿನ ಮೇಲಿಲ್ಲ ಎಂದಮೇಲೆ ಅವನಿಗೆ ಆಗ ಹಿಂದಿನ ಬ್ರೇಕೇ ಇಲ್ಲ. ನಿಲ್ಲಿಸಬೇಕಾಗಿ ಬಂದರೆ ಉಳಿದಿರುವುದು ಬಲಗೈಯ ಲಿವರ್ ಒಂದೇ, ಅಂದರೆ ಯಾವುದನ್ನು ಮುಟ್ಟಬಾರದೆಂದು ಕಲಿತನೋ ಅದೇ, ಅದನ್ನು ಮುಟ್ಟಬಾರದ ಜಾಗದಲ್ಲೇ. ಕಾಲನ್ನು ಮತ್ತೆ ಮೇಲೆತ್ತಿ ಪೆಡಲು ಹುಡುಕಿದರೂ ಎರೆಮಣ್ಣು ಮೆತ್ತಿದ ಚಪ್ಪಲಿಯಲ್ಲಿ ಒತ್ತಡದ ಹದ ತಿಳಿಯುವುದಿಲ್ಲ. ಒತ್ತಿದ್ದು ಹೆಚ್ಚಾಗಿ ಚಕ್ರ ಕಚ್ಚುತ್ತದೆ. ಹಿಂದಿನ ಬ್ರೇಕಿನ ಹಿರಿಮೆಗೆ ನೆಪವಾದ ಇದೇ ನೆಲದಲ್ಲಿ, ಅದನ್ನು ಕಾಲಿಗೆ ಕಟ್ಟಿಹಾಕಿದ ಕಾರಣಕ್ಕೇ ಅದು ಕೈತಪ್ಪಿಹೋಗುತ್ತದೆ. ಅದೇ ಬ್ರೇಕು ಎಡಗೈಯಲ್ಲಿದ್ದಿದ್ದರೆ ಎರಡೂ ಕಾಲು ನೆಲದ ಮೇಲಿದ್ದಾಗಲೂ ಹಿಂದಿನ ಚಕ್ರವನ್ನು ಸಣ್ಣಗೆ ಹಿಡಿಯಬಹುದಿತ್ತು. ಕಾಲಿನ ಬ್ರೇಕಿನ ಪರವಾಗಿ ಹೇಳುವ ಅತಿ ಬಲವಾದ ವಾದವನ್ನು ಅದರ ಕೊನೆಯವರೆಗೆ ಹಿಂಬಾಲಿಸಿದರೆ ಅದು ಕೈಯ ಬ್ರೇಕಿನ ಬಾಗಿಲಿಗೆ ತಂದು ನಿಲ್ಲಿಸುತ್ತದೆ.

ಬಲದ ಮಾತಿಗೆ ಬರೋಣ. ಕಾಲು ಕೈಗಿಂತ ಬಲಶಾಲಿ, ಅದರಲ್ಲಿ ಸಂಶಯವಿಲ್ಲ. ಹಿಂದಿನ ಚಕ್ರಕ್ಕೆ ಆ ಬಲ ಬೇಕೇ ಎನ್ನುವುದು ಪ್ರಶ್ನೆ. ಮೇಲಿನ ಲೆಕ್ಕದಲ್ಲೇ ನೋಡಿದರೆ, ಎರಡೂ ಬ್ರೇಕನ್ನು ಪೂರ್ತಿ ಹಿಡಿದಾಗ ಹಿಂದಿನ ಚಕ್ರದ ಮೇಲೆ ಉಳಿಯುವ ಭಾರ ಸುಮಾರು 24 ಕಿಲೋ ಮಾತ್ರ. ಉಳಿದ 156 ಕಿಲೋ ಮುಂದಿನ ಚಕ್ರಕ್ಕೆ ಹೋಗಿರುತ್ತದೆ. ಹಾಗಾಗಿ ಹಿಂದಿನ ಟೈರು ನೆಲದಿಂದ ಪಡೆಯಬಲ್ಲ ಹಿಡಿತ 19 ಕಿಲೋ ತೂಕದಷ್ಟಾದರೆ ಮುಂದಿನದು 125 ಕಿಲೋ ತೂಕದಷ್ಟು. ಆರು ಪಟ್ಟಿಗೂ ಮಿಕ್ಕಿ. ಈ ಭಾರಿ ಕೆಲಸವನ್ನು ನಾವು ಯಾವ ಅಂಗಕ್ಕೆ ಕೊಟ್ಟಿದ್ದೇವೆ? ಬಲಗೈಯ ಎರಡು ಮೂರು ಬೆರಳಿಗೆ. ಸ್ಪ್ಲೆಂಡರಿನಂಥ ಗಾಡಿಯಲ್ಲಿ ಮುಂದೆಯೂ ಹಿಂದೆಯೂ 130 ಮಿಲಿಮೀಟರಿನ ಒಂದೇ ಅಳತೆಯ ಡ್ರಮ್ ಇರುತ್ತದೆ; ಮುಂದಿನದನ್ನು ಕೈ ಎಳೆಯುತ್ತದೆ, ಹಿಂದಿನದನ್ನು ಕಾಲು ಒತ್ತುತ್ತದೆ. ಡ್ರಮ್ಮಿನ ಮುಂದಿನ ಬ್ರೇಕು ನನ್ನ ಲೆಕ್ಕದ ಪೂರ್ತಿ ಹಿಡಿತವನ್ನು ಮುಟ್ಟದೇ ಇರಬಹುದು, ಆದರೂ ಅದು ಹಿಂದಿನದಕ್ಕಿಂತ ಹಲವು ಪಟ್ಟು ದುಡಿಯುತ್ತದೆ. ದೊಡ್ಡ ಕೆಲಸವನ್ನು ಮಾಡಿಕೊಡುವ ಕೈಗೆ ಅದೇ ಅಳತೆಯ ಡ್ರಮ್ಮಿನ ಸಣ್ಣ ಕೆಲಸ ಆಗದು ಎನ್ನುವುದು ಹೇಗೆ ಸರಿಯಾದೀತು? ಮುಂದಿನದನ್ನು ಸ್ವಲ್ಪವೂ ಹಿಡಿಯದೆ ಹಿಂದಿನದೊಂದನ್ನೇ ನಂಬಿದಾಗಲೂ ಆ ಟೈರು 56 ಕಿಲೋ ತೂಕಕ್ಕಿಂತ ಹೆಚ್ಚಿನ ಹಿಡಿತ ಕೊಡಲಾರದು. ಕಾಲಿನಿಂದ ಅದಕ್ಕಿಂತ ಜೋರಾಗಿ ಒತ್ತಿದರೆ ಚಕ್ರ ಉಜ್ಜಿಕೊಂಡು ಹೋಗುತ್ತದೆಯೇ ಹೊರತು ಗಾಡಿ ಬೇಗ ನಿಲ್ಲುವುದಿಲ್ಲ. ರಸ್ತೆಯ ಮೇಲೆ ಉದ್ದನೆಯ ಕಪ್ಪು ಗೆರೆ ಎಳೆದು ನಿಂತ ಗಾಡಿಯನ್ನು ಕಂಡು ‘ಬ್ರೇಕ್ ಹೆಂಗೈತೆ ನೋಡು’ ಎನ್ನುವವರಿದ್ದಾರೆ. ಆ ಗೆರೆ ಬ್ರೇಕು ಹೆಚ್ಚಾಗಿ ಹಿಡಿತ ಸೋತದ್ದರ ಗುರುತು. ಹಿಂದಿನ ಚಕ್ರಕ್ಕೆ ಬೇಕಾದದ್ದು ಹದ, ಹದದಲ್ಲಿ ಪಾದಕ್ಕಿಂತ ಬೆರಳು ಸೂಕ್ಷ್ಮ.

ಹಿಂದಿನ ಬ್ರೇಕು ಕೈಯಲ್ಲಿರುವುದು ಬೈಕಿಗೆ ಹೊಂದುವುದಿಲ್ಲ ಎನ್ನುವವರಿಗೆ ಉದಾಹರಣೆ ಹುಡುಕಿ ದೂರ ಹೋಗಬೇಕಿಲ್ಲ. ಈ ತಾಲೂಕುಗಳ ಯಾವುದೇ ಸಂತೆಯ ದಿನ ರಸ್ತೆ ಬದಿಗೆ ನಿಂತರೆ ಟಿವಿಎಸ್ ಗಾಡಿ ಕಾಣುತ್ತದೆ; ಮುಂದೆ ಎರಡು ಚೀಲ, ಹಿಂದೆ ಹುಲ್ಲಿನ ಹೊರೆ, ನಡುವೆ ಎಲ್ಲೋ ಸವಾರ. ಟಿವಿಎಸ್ 50 ಬಂದದ್ದು 1980ರಲ್ಲಿ. ಅದರ ಹಿಂದಿನ ಬ್ರೇಕು ಎಡಗೈಯ ಲಿವರಿನಲ್ಲಿದೆ, ಅದರ ಸಂತತಿಯಾದ ಎಕ್ಸೆಲ್ ಗಾಡಿಗಳಲ್ಲೂ ಹಾಗೆಯೇ. ನಾಲ್ಕು ದಶಕಗಳಿಂದ ಬೈಕಿಗಿಂತ ಹೆಚ್ಚು ಹೊರೆ ಹೊತ್ತು, ಬೈಕಿಗಿಂತ ಕೆಟ್ಟ ದಾರಿಯಲ್ಲಿ ಓಡಾಡುತ್ತಿರುವ ಈ ಗಾಡಿಯ ಹಿಂದಿನ ಬ್ರೇಕು ಕೈಯಲ್ಲಿದೆಯೆಂದು ಯಾವ ರೈತನೂ ಅದನ್ನು ಹಿಂದಿರುಗಿಸಿಲ್ಲ. ಅದರ ವೇಗ ಕಡಿಮೆ, ನಿಜ. ಆದರೆ ಹೊಣೆಯನ್ನು ಕೈ ಹೊರಬಲ್ಲದೇ ಎಂಬ ಪ್ರಶ್ನೆಗೆ ಅದು ದಿನವೂ ಉತ್ತರ ಕೊಡುತ್ತಿದೆ. ಇಂದಿನ ನೂರಿಪ್ಪತ್ತೈದು ಸಿಸಿಯ ಸ್ಕೂಟರುಗಳಂತೂ ನೂರು ಸಿಸಿ ಬೈಕಿನಷ್ಟೇ ವೇಗದವು, ಅವುಗಳ ಎರಡೂ ಬ್ರೇಕು ಕೈಯಲ್ಲೇ ಇವೆ. ಇನ್ನು, ಬೈಕಿನ ಈಗಿನ ಜೋಡಣೆ ಮೊದಲಿನಿಂದ ಹೀಗೆಯೇ ಇತ್ತು ಎನ್ನುವುದೂ ಸರಿಯಲ್ಲ. ಹಳೆಯ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಹಿಂದಿನ ಬ್ರೇಕು ಎಡಗಾಲಿಗೆ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿಗಳಲ್ಲಿ ಹಿಂದಿನ ಬ್ರೇಕು ಬಲಗಾಲಿಗೆ. ಹಳೆಯ ಬಜಾಜ್ ಚೇತಕ್‌ನಲ್ಲಿ ಬ್ರೇಕು ಬಲಗಾಲಿಗೆ, ಗೇರು ಎಡಗೈಗೆ. ಒಂದೇ ಮನೆಯಲ್ಲಿ ಅಪ್ಪ ಬುಲೆಟ್ಟನ್ನೂ ಮಗ ಯೆಜ್ಡಿಯನ್ನೂ ಓಡಿಸಿದ ಕಾಲವೊಂದಿತ್ತು. ಯಾವ ಅಂಗಕ್ಕೆ ಯಾವ ಕೆಲಸ ಎನ್ನುವುದು ಒಂದು ಒಪ್ಪಂದ. ಒಪ್ಪಂದಕ್ಕೆ ಅದರದೇ ಆದ ಬೆಲೆಯಿದೆ, ಆದರೆ ಅದನ್ನು ಪ್ರಕೃತಿ ನಿಯಮವೆಂದು ತಿಳಿಯಬೇಕಿಲ್ಲ. ನಮ್ಮ ಕಾನೂನೂ ಹಾಗೆ ತಿಳಿದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 96ನೇ ನಿಯಮ ಬೈಕಿಗೆ ಎರಡು ಸ್ವತಂತ್ರವಾದ, ಸಮರ್ಥವಾದ ಬ್ರೇಕು ಬೇಕೆನ್ನುತ್ತದೆ. ಎರಡೂ ಕೈಯಲ್ಲಿರಬಹುದು, ಇಲ್ಲವೇ ಒಂದು ಕೈಯಲ್ಲಿ ಒಂದು ಕಾಲಿನಲ್ಲಿ ಇರಬಹುದು.

ಆಕ್ಷೇಪಗಳಲ್ಲಿ ನಾಲ್ಕನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

1. ಎಡಗೈಗೆ ಆಗಲೇ ಕ್ಲಚ್ ಇದೆ. ಸ್ಕೂಟಿಯ, ಟಿವಿಎಸ್‌ನ ಉದಾಹರಣೆ ಇಲ್ಲಿ ನೆರವಿಗೆ ಬರುವುದಿಲ್ಲ, ಏಕೆಂದರೆ ಅವುಗಳಲ್ಲಿ ಕೈಯಿಂದ ಎಳೆಯುವ ಕ್ಲಚ್ಚೇ ಇಲ್ಲ. ಇದು ಎಲ್ಲಕ್ಕಿಂತ ಬಲವಾದ ಆಕ್ಷೇಪ. ಉತ್ತರ ಎರಡು ಬಗೆಯದು. ಕ್ಲಚ್ಚಿನ ಕೆಳಗೆ ಹೆಬ್ಬೆರಳಿನಿಂದ ಒತ್ತುವ ಸಣ್ಣ ಲಿವರ್ ಕೂರಿಸಿದರೆ ನಾಲ್ಕು ಬೆರಳು ಕ್ಲಚ್ಚಿಗೆ, ಹೆಬ್ಬೆರಳು ಬ್ರೇಕಿಗೆ ಹಂಚಿಹೋಗುತ್ತದೆ. 1992ರಲ್ಲಿ ನೆದರ್ಲೆಂಡ್ಸ್‌ನ ಅಸೆನ್‌ನಲ್ಲಿ ಬಿದ್ದು ಬಲಗಾಲು ಜಖಂ ಮಾಡಿಕೊಂಡ ಆಸ್ಟ್ರೇಲಿಯಾದ ರೇಸರ್ ಮಿಕ್ ಡೂಹನ್ ಇಂಥದೇ ಹೆಬ್ಬೆರಳಿನ ಬ್ರೇಕು ಹಾಕಿಸಿಕೊಂಡು 1994ರಿಂದ 1998ರವರೆಗೆ ಸತತ ಐದು ಬಾರಿ 500 ಸಿಸಿ ವಿಶ್ವ ಚಾಂಪಿಯನ್ ಆದರು. ರೇಸಿನಲ್ಲಿ ಕ್ಲಚ್ಚಿನ ಬಳಕೆ ಕಡಿಮೆ, ಸಂತೆಬೆನ್ನೂರಿನ ಪೇಟೆಯಲ್ಲಿ ಹೆಜ್ಜೆಹೆಜ್ಜೆಗೂ ಬೇಕು. ಹಾಗಾಗಿ ಈ ಉದಾಹರಣೆಯಿಂದ ಹೆಬ್ಬೆರಳಿಗೆ ಸಾಕಷ್ಟು ಸಾಮರ್ಥ್ಯವಿದೆ ಎಂಬಷ್ಟೇ ಸಿದ್ಧವಾಗುತ್ತದೆ, ಎಲ್ಲರಿಗೂ ಸುಲಭ ಎಂಬುದಲ್ಲ. ಎರಡನೆಯ ಉತ್ತರ ಇನ್ನೂ ಸರಳ: ಯಾರಿಗೆ ಎಡಗೈಯಲ್ಲಿ ಎರಡು ಕೆಲಸ ಕಷ್ಟವೋ ಅವರು ಗೇರಿಲ್ಲದ ಗಾಡಿಯನ್ನೇ ಆರಿಸಿಕೊಳ್ಳಲಿ. ಕಾಲೂ ನೆಟ್ಟಗಿದ್ದು ಬೈಕೂ ಅಭ್ಯಾಸವಾಗಿರುವವರು ಇರುವ ಪೆಡಲನ್ನು ಕಿತ್ತು ಕೈಗೆ ತರಬೇಕೆಂದು ನಾನು ಹೇಳುತ್ತಿಲ್ಲ. ಅವರಿಗೆ ಅದರಿಂದ ಆಗುವ ಲಾಭ ಸಣ್ಣದು, ಕಲಿಯಬೇಕಾದ ಹೊಸ ಅಭ್ಯಾಸ ದೊಡ್ಡದು.

2. ಮನೆಯಲ್ಲಿ ಒಂದು ಸ್ಕೂಟಿ, ಒಂದು ಬೈಕು ಇದ್ದರೆ ಗಾಬರಿಯಲ್ಲಿ ಕೈ ತಪ್ಪುತ್ತದೆ. ಇದು ನಿಜ, ಈಗಲೇ ನಡೆಯುತ್ತಿದೆ. ಸ್ಕೂಟಿಯ ಅಭ್ಯಾಸದವರು ಬೈಕಿನಲ್ಲಿ ಎಡಗೈ ಬಿಗಿಯಾಗಿ ಹಿಡಿದರೆ ಕ್ಲಚ್ ಬಿಡಿಸಿಕೊಳ್ಳುತ್ತದೆ, ಎಂಜಿನ್ನಿನ ತಡೆಯೂ ಹೋಗಿ ಗಾಡಿ ಇನ್ನಷ್ಟು ಸಲೀಸಾಗಿ ಮುಂದಕ್ಕೆ ಉರುಳುತ್ತದೆ. ಆದರೆ ಈ ಅಪಾಯ ಹುಟ್ಟಿದ್ದು ಎರಡು ಬಗೆಯ ಗಾಡಿಗಳು ಜೊತೆಯಾಗಿ ಇರುವುದರಿಂದ. ಎಡಗೈಯಲ್ಲಿ ಎಲ್ಲ ಗಾಡಿಗೂ ಹಿಂದಿನ ಬ್ರೇಕು ಸಿಗುವಂತಾದರೆ ಈ ಗೊಂದಲ ಕಡಿಮೆಯೇ ಆದೀತು.

3. ಕೇಬಲ್ ತುಂಡಾದರೆ? ಡ್ರಮ್ ಬ್ರೇಕಿನ ಸಾಧಾರಣ ಬೈಕಿನಲ್ಲಿ ಪೆಡಲಿನಿಂದ ಹಿಂದಿನ ಚಕ್ರಕ್ಕೆ ಕಬ್ಬಿಣದ ಸರಳಿರುತ್ತದೆ; ಅದು ತುಂಡಾಗುವುದು ಅಪರೂಪ. ಕೈಗೆ ತಂದರೆ ಅದರ ಬದಲು ಕೇಬಲ್ ಬರುತ್ತದೆ. ಕೇಬಲ್ಲಿಗೆ ಆರೈಕೆ ಬೇಕು. ಲಿವರಿನ ಬುಡದಲ್ಲಿ, ಉಂಡೆ ಕೂರುವ ಜಾಗದಲ್ಲಿ, ಒಂದೊಂದೇ ಎಳೆ ಕಿತ್ತುಕೊಳ್ಳುತ್ತಾ ಬಂದು ಒಂದು ದಿನ ಪೂರ್ತಿ ಹೋಗುತ್ತದೆ. ಎಳೆ ಕಿತ್ತದ್ದು ಕಣ್ಣಿಗೆ ಕಾಣುತ್ತದೆ, ನೋಡುವ ಅಭ್ಯಾಸ ಬೇಕಷ್ಟೆ. ಡ್ರಮ್ಮಿನ ಹೊರಗಿನ ತೋಳಿನ ಬಳಿ ಲೈನರ್ ಸವೆದದ್ದನ್ನು ತೋರಿಸುವ ಬಾಣದ ಗುರುತಿರುತ್ತದೆ, ಅದನ್ನೂ ನೋಡಬೇಕು. ಡ್ರಮ್ಮಿನ ಗಾಡಿಯಲ್ಲಿ ಮುಂದಿನ ಬ್ರೇಕೂ ಕೇಬಲ್ಲಿನದ್ದೇ ಎಂಬುದನ್ನು ಮರೆತು ಹಿಂದಿನದಕ್ಕೆ ಮಾತ್ರ ಈ ಆಕ್ಷೇಪ ಎತ್ತುವುದು ನ್ಯಾಯವಲ್ಲ.

4. ಈಗಿನ ಗಾಡಿಗಳಲ್ಲಿ ಎರಡು ಬ್ರೇಕುಗಳನ್ನು ಒಂದಕ್ಕೊಂದು ಜೋಡಿಸಿರುತ್ತಾರಲ್ಲ? ಹೌದು, ಇದನ್ನು ಊರಿನ ಮೆಕ್ಯಾನಿಕ್ಕುಗಳು ವಿಶೇಷವಾಗಿ ಗಮನಿಸಬೇಕು. 2018ರ ಏಪ್ರಿಲ್ 1ರಿಂದ ಹೊಸ ಮಾದರಿಗಳಿಗೆ, 2019ರ ಏಪ್ರಿಲ್ 1ರಿಂದ ಉಳಿದ ಎಲ್ಲಕ್ಕೂ, 125 ಸಿಸಿ ಮೀರಿದ ಬೈಕಿಗೆ ಎಬಿಎಸ್ (ಚಕ್ರ ಕಚ್ಚದಂತೆ ನೋಡಿಕೊಳ್ಳುವ ವ್ಯವಸ್ಥೆ) ಕಡ್ಡಾಯವಾಯಿತು. 125 ಸಿಸಿ ಮತ್ತು ಅದಕ್ಕಿಂತ ಕೆಳಗಿನವಕ್ಕೆ ಎಬಿಎಸ್ ಇಲ್ಲವೇ ಎರಡು ಬ್ರೇಕುಗಳನ್ನು ಜೋಡಿಸುವ ಸಿಬಿಎಸ್. ಸಿಬಿಎಸ್ ಇರುವ ಗಾಡಿಯಲ್ಲಿ ಹಿಂದಿನ ಬ್ರೇಕು ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಅಂದರೆ ‘ನಾನು ಕಾಲಿನದನ್ನು ಮಾತ್ರ ಒತ್ತುತ್ತೇನೆ’ ಎನ್ನುವವನ ಹೊಸ ಬೈಕಿನಲ್ಲಿ ಮುಂದಿನ ಬ್ರೇಕು ಅವನಿಗೆ ತಿಳಿಯದೆಯೇ ಕೆಲಸ ಮಾಡುತ್ತಿದೆ, ಅವನೇನೂ ಪಲ್ಟಿಯಾಗುತ್ತಿಲ್ಲ. ಇಂಥ ಗಾಡಿಯಲ್ಲಿ ಪೆಡಲನ್ನು ಬಿಚ್ಚಿ ಬರಿ ಹಿಂದಿನ ಚಕ್ರಕ್ಕೆ ಕೇಬಲ್ ಎಳೆದರೆ ಆ ಜೋಡಣೆ ತಪ್ಪಿಹೋಗುತ್ತದೆ. ಕೈಗೆ ತರುವುದಾದರೆ ಜೋಡಣೆಯ ಸಮೇತ ತರಬೇಕು. ಅದು ತಿಳಿದವರ ಕೈಯಲ್ಲಿ ಆಗಬೇಕಾದ ಕೆಲಸ, ಸಂಜೆಯೊಳಗೆ ಮುಗಿಸುವ ರಿಪೇರಿಯಲ್ಲ.

ಇವನ್ನೆಲ್ಲ ತೂಗಿದ ಮೇಲೆ, ಹಿಂದಿನ ಬ್ರೇಕನ್ನು ಕೈಗೆ ತರುವುದು ಯಾರಿಗೆ ನಿಜವಾಗಿ ಬೇಕು ಎಂಬುದು ಸ್ಪಷ್ಟವಾಗುತ್ತದೆ: ಬಲಗಾಲಿನ ಬಲವೋ ಪಾದದ ಚಲನೆಯೋ ಕುಂದಿದವರಿಗೆ. ನಮ್ಮಲ್ಲಿ ಅಂಥವರು ಹಲವರಿದ್ದಾರೆ. ಭಾರತದಲ್ಲಿ ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ದೇಶ ಪೋಲಿಯೊ ಮುಕ್ತವೆಂದು ದೃಢಪಟ್ಟದ್ದು 2014ರ ಮಾರ್ಚಿನಲ್ಲಿ; ಅದಕ್ಕೂ ಹಿಂದಿನ ದಶಕಗಳಲ್ಲಿ ಮಕ್ಕಳಾಗಿದ್ದಾಗ ಅದು ತಾಗಿದವರು ಇಂದು ದುಡಿಯುವ ವಯಸ್ಸಿನವರು. ಅಪಘಾತದಲ್ಲಿ ಮಂಡಿ ಮಡಚದಂತಾದವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರು ಇನ್ನೊಂದು ಗುಂಪು. ಹೊನ್ನಾಳಿಯಿಂದ ಬೇರೆಯಾಗಿ ಹೊಸ ತಾಲೂಕಾದ ನ್ಯಾಮತಿಯ ಒಳಹಳ್ಳಿಯಲ್ಲೋ ಜಗಳೂರಿನ ಗಡಿಹಳ್ಳಿಯಲ್ಲೋ ಇರುವವನಿಗೆ ಬಸ್ಸು ಬರುವುದು ಬಸ್ಸಿಗೆ ಅನುಕೂಲವಾದಾಗ. ತೋಟಕ್ಕೆ, ಆಸ್ಪತ್ರೆಗೆ, ತಾಲೂಕು ಕಚೇರಿಗೆ ತಾನಾಗಿ ಹೋಗಿಬರುವ ಶಕ್ತಿ ಗಾಡಿಯಿಂದಲೇ ಬರಬೇಕು.

ಇಂಥವರಿಗೆ ನಾವು ಸಾಮಾನ್ಯವಾಗಿ ತೋರಿಸುವ ದಾರಿ ಒಂದೇ, ಹಿಂದೆ ಎರಡು ಪಕ್ಕದ ಚಕ್ರ ಜೋಡಿಸಿದ ಸ್ಕೂಟರ್. ನಿಂತಾಗ ಗಾಡಿಯನ್ನು ಹಿಡಿದಿಡಲು ಕಾಲು ಊರಲಾಗದವರಿಗೆ ಅದು ಅತ್ಯಗತ್ಯ. ಸರ್ಕಾರ ಅದನ್ನು ಕೊಡುವುದು ಒಳ್ಳೆಯ ಕೆಲಸ. ಆದರೆ ಎಲ್ಲ ಬಗೆಯ ತೊಂದರೆಗೂ ಅದೇ ಉತ್ತರವಲ್ಲ. ಪಕ್ಕದ ಚಕ್ರಗಳು ಭಾರದಲ್ಲಿ ಪಾಲು ಪಡೆಯುತ್ತವೆ, ಅವಕ್ಕೆ ಬ್ರೇಕು ಇಲ್ಲದಿದ್ದರೆ ಬ್ರೇಕಿರುವ ನಡುವಿನ ಚಕ್ರದ ಮೇಲಿನ ಭಾರ ಆ ಮಟ್ಟಿಗೆ ಕಡಿಮೆಯಾಗುತ್ತದೆ. ಭಾರ ಕಡಿಮೆಯಾದಷ್ಟೂ ಹಿಡಿತ ಕಡಿಮೆ ಎಂಬುದನ್ನು ಆಗಲೇ ನೋಡಿದ್ದೇವೆ. ಎತ್ತಿನಗಾಡಿಯ ಎರಡು ಜಾಡುಗಳ ಹೊಲದ ದಾರಿಯಲ್ಲಿ ಒಂದು ಜಾಡಿನಲ್ಲಿ ಸಾಗುವ ಅನುಕೂಲವೂ ಹೋಗುತ್ತದೆ. ಸಮತೋಲಕ್ಕೆ ಏನೂ ಕೊರತೆಯಿಲ್ಲದ, ಬಲಪಾದದಿಂದ ಪೆಡಲು ಒತ್ತಲು ಮಾತ್ರ ಆಗದ ವ್ಯಕ್ತಿಗೆ ಎರಡು ಚಕ್ರದ ಗಾಡಿಯೇ ಸಾಕು, ಹಿಂದಿನ ಬ್ರೇಕು ಕೈಯಲ್ಲಿದ್ದರೆ ಆಯಿತು. ಎಡಗಾಲು ಸರಿಯಿರುವುದರಿಂದ ಅವನು ಗೇರನ್ನೂ ಬದಲಿಸಬಲ್ಲ. ಅವನಿಗೆ ಬೇಕಿರುವುದು ಒಂದು ಲಿವರ್, ಒಂದು ಕೇಬಲ್, ಅದನ್ನು ಸರಿಯಾಗಿ ಕೂರಿಸುವ ಕೈ. ಡಿಸ್ಕ್ ಬ್ರೇಕಾದರೆ ಹ್ಯಾಂಡಲಿನ ಮೇಲೆ ಇನ್ನೊಂದು ಮಾಸ್ಟರ್ ಸಿಲಿಂಡರ್.

ಕಾನೂನು ಇದಕ್ಕೆ ಅಡ್ಡ ನಿಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ವಿಧಿ ಮನಬಂದಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ, ಅದು ಸರಿಯೇ. ಆದರೆ 2019ರ ತಿದ್ದುಪಡಿಯ ನಂತರ ಅದೇ ವಿಧಿಯ ಎರಡನೇ ಉಪವಿಧಿ, ಅಂಗವೈಕಲ್ಯ ಇರುವವರ ಬಳಕೆಗಾಗಿ ಮಾಲೀಕನು ತನ್ನ ಗಾಡಿಯನ್ನು ಮಾರ್ಪಡಿಸಿ, ಬಳಿಕ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಪಡೆಯಲು ಅವಕಾಶ ಕೊಡುತ್ತದೆ. ನಿಗದಿಯಾದ ಷರತ್ತುಗಳಿಗೆ ಅದು ಒಳಪಟ್ಟಿರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ವಿಧಿ ಇನ್ನೂ ಮುಂದೆ ಹೋಗಿ, ಕೈಗೆಟುಕುವ ವೆಚ್ಚದಲ್ಲಿ ಓಡಾಡುವಂತಾಗಲು ವಾಹನಗಳ ಮಾರ್ಪಾಟಿಗೂ ಸರ್ಕಾರ ಯೋಜನೆ ರೂಪಿಸಬೇಕೆಂದು ಹೇಳುತ್ತದೆ. ನಮ್ಮ ಕಡೆ ಮಾರ್ಪಾಟು ಎಂದರೆ ಪಕ್ಕದ ಚಕ್ರ ಎಂದೇ ಅರ್ಥವಾಗಿರುವುದರಿಂದ ಲಿವರಿನ ಸಣ್ಣ ಬದಲಾವಣೆಯನ್ನು ಕೇಳುವವರೂ ಕಡಿಮೆ, ಹೇಳಿಕೊಡುವವರೂ ಕಡಿಮೆ. ಗ್ರಾಮ ಪಂಚಾಯಿತಿ ಮಟ್ಟದ ಪುನರ್ವಸತಿ ಕಾರ್ಯಕರ್ತರು ಅರ್ಜಿ ಬರೆಸುವಾಗ ‘ಕಾಲು ಊರೋಕಾಗುತ್ತಾ, ಪೆಡಲ್ ಒತ್ತೋಕಾಗುತ್ತಾ’ ಎಂದು ಈ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿದರೆ ಎಷ್ಟೋ ಜನರ ದಾರಿ ಬದಲಾಗುತ್ತದೆ.

ಒಪ್ಪಿಗೆ ಕೊಡುವ ಅಧಿಕಾರಿಗೂ ಒಂದು ಕಷ್ಟವಿದೆ: ಇಂಥ ಗಾಡಿ ಸುರಕ್ಷಿತ ಎಂದು ನಿರ್ಧರಿಸುವುದು ಹೇಗೆ? ದಾವಣಗೆರೆಯ ಆರ್‌ಟಿಒ ಮೈದಾನದಲ್ಲೇ ಅದಕ್ಕೆ ಉತ್ತರವಿದೆ. ಚಾಲನಾ ಪರೀಕ್ಷೆಯ ನಿಯಮಗಳಲ್ಲಿ ತುರ್ತಾಗಿ ನಿಲ್ಲಿಸುವ ಸಾಮರ್ಥ್ಯವನ್ನೂ ಪರೀಕ್ಷಿಸಬೇಕೆಂದಿದೆ, ಆದರೆ ಎಂಟರ ಆಕಾರ ಸುತ್ತುವುದರಲ್ಲೇ ಜನರ ಗಮನವೆಲ್ಲ ಮುಗಿದುಹೋಗುತ್ತದೆ. ನೆಲದ ಮೇಲೆ ಸುಣ್ಣದ ಒಂದು ಗೆರೆ ಎಳೆಯಲಿ. ಗಂಟೆಗೆ ಮೂವತ್ತು ಕಿಲೋಮೀಟರಿನಲ್ಲಿ ಬಂದು ಗೆರೆ ದಾಟಿದ ಕೂಡಲೇ ನಿಲ್ಲಿಸಲು ಹೇಳಲಿ; ಮೊದಲು ಕಾಲಿನ ಬ್ರೇಕಿನ ಸಾಧಾರಣ ಬೈಕಿನವನಿಗೆ, ಆಮೇಲೆ ಹಿಂದಿನ ಬ್ರೇಕು ಕೈಯಲ್ಲಿರುವವನಿಗೆ. ನಿಂತ ಜಾಗವನ್ನು ಟೇಪಿನಲ್ಲಿ ಅಳೆಯಲಿ. ಮುಂದಿನ ಬ್ರೇಕನ್ನು ಮುಟ್ಟದ ಮೊದಲನೆಯವನು ಎರಡನೆಯವನಿಗಿಂತ ಎಷ್ಟೋ ಮೀಟರ್ ಆಚೆ ನಿಂತಿರುವ ಸಾಧ್ಯತೆಯೇ ಹೆಚ್ಚು. ಆಗ ಲೈಸೆನ್ಸಿನ ಬಗ್ಗೆ ಯೋಚಿಸಬೇಕಾದದ್ದು ಯಾರ ವಿಷಯದಲ್ಲಿ ಎಂಬುದನ್ನು ಆ ಅಧಿಕಾರಿಯೇ ಹೇಳಲಿ.